ಭಾಷೆ ಕಲಿ ಅನ್ನೋರು ಬಿಡುವು ಕೊಡ್ತಾರಾ?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)





ದುಡಿಯೋಕೆ ಬೇರೆ ದೇಶಕ್ಕೆ ಹೋದವರು ಆ ದೇಶದ ಭಾಷೆ ಕಲೀಲೇಬೇಕು ಅಂತ ಕೇಳೋದು ನ್ಯಾಯವೋ ಅಲ್ಲವೋ ಅನ್ನೋದು ಇವತ್ತು ನಮಗೆ ಕೊಟ್ಟಿರೋ ವಿಷಯ. ಬೆಳಿಗ್ಗೆ ಇದನ್ನ ಬೋರ್ಡಿನ ಮೇಲೆ ಬರೆದಾಗ ಹಿಂದಿನ ಬೆಂಚಿಂದ ಒಬ್ಬ ತಮ್ಮ, 'ನಮ್ಮ ಸ್ಕಾಲರ್‌ಶಿಪ್ಪೇ ಇನ್ನೂ ಬಂದಿಲ್ಲ, ಲಂಡನ್ನಿಗೆ ಹೋದೋರ ಭಾಷೆ ಕಟ್ಕೊಂಡು ನಮಗೇನಾಗಬೇಕು' ಅಂದ. ಒಳ್ಳೇ ಪ್ರಶ್ನೆ. ಅದಕ್ಕೇ ನಾವು ಲಂಡನ್ನಿಂದ ಶುರು ಮಾಡೋದಿಲ್ಲ. ನಮ್ಮ ಹಾಸ್ಟೆಲ್ಲಿನ ಹಿಂದುಗಡೆ ಗೋಡೆಯಿಂದ ಶುರು ಮಾಡ್ತೀವಿ.

ಆ ಗೋಡೆಯ ಆಚೆ ಹೋದ ವರ್ಷ ಒಂದು ದೊಡ್ಡ ಕಟ್ಟಡ ಏಳ್ತಾ ಇತ್ತು. ಕಂಬಿ ಕಟ್ಟೋರು, ಸೆಂಟ್ರಿಂಗ್ ಕೆಲಸದೋರು, ಎಲ್ಲಾ ಒಡಿಶಾ ಜಾರ್ಖಂಡ್ ಕಡೆ ಜನ. ತಗಡಿನ ಶೆಡ್ಡು, ಎಲ್ಲರಿಗೂ ಸೇರಿ ಒಂದು ನಲ್ಲಿ. ನಾವು ದಿನಾ ಮಾಳಿಗೆ ಮೇಲಿಂದ ಬಟ್ಟೆ ಒಣಗಿಸೋವಾಗ ಅವರನ್ನ ನೋಡ್ತಿದ್ವಿ, ಅವರೂ ನಮ್ಮನ್ನ ನೋಡ್ತಿದ್ರು. ಆರು ತಿಂಗಳು ಒಂದು ಮಾತಿಲ್ಲ. ಇದನ್ನ ನಾಚಿಕೆಯಿಂದಲೇ ಹೇಳ್ತಿದೀವಿ. ಒಂದು ರಾತ್ರಿ ನಮ್ಮದೇ ವಯಸ್ಸಿನ ಒಬ್ಬ ಹುಡುಗ ಗೇಟಿನ ಹತ್ರ ಬಂದು ನಿಂತ. ನಮ್ಮದು ಹರಕು ಹಿಂದಿ, ಅವನದೂ ಹರಕು ಹಿಂದಿ, ಯಾಕಂದ್ರೆ ಅವನ ಮನೆಮಾತು ಒಡಿಯಾ. 'ಭಯ್ಯಾ, ಇದರಲ್ಲಿ ಏನು ಬರೆದಿದೆ ಓದಿ' ಅಂತ ಮೊಬೈಲು ಚಾಚಿದ. ಒಂದು ಕಾಗದದ ಫೋಟೋ. ಕನ್ನಡದಲ್ಲಿ ಇತ್ತು. ಈ ದಿನದವರೆಗಿನ ಕೂಲಿ ಪೂರಾ ಸಂದಾಯವಾಗಿದೆ, ಬಾಕಿ ಏನೂ ಇರುವುದಿಲ್ಲ ಅಂತ. ಕೆಳಗೆ ಹನ್ನೊಂದು ಜನರ ರುಜು. ಕೆಲವು ಒಡಿಯಾ ಅಕ್ಷರ, ಕೆಲವು ಹೆಬ್ಬೆಟ್ಟು. ಅವರಿಗೆ ಎರಡು ತಿಂಗಳ ಕೂಲಿ ಬರಬೇಕಿತ್ತು. ಮೇಸ್ತ್ರಿ ಅವರಿಗೆ, ಇದು ಹಾಜರಿ ಕಾಗದ ಅಂತ ಹೇಳಿದ್ದ.

ಆ ರಾತ್ರಿ ನಮ್ಮ ರೂಮಿನಲ್ಲಿ ದೊಡ್ಡ ಜಗಳವೇ ಆಯ್ತು. ಒಬ್ಬ ಅಂದ: 'ಬಂದ ಊರಿನ ಭಾಷೆ ಕಲೀದೆ ಹೋದ್ರೆ ಹಿಂಗೇ ಆಗೋದು. ಆರು ತಿಂಗಳಾಯ್ತು, ನಾಕು ಅಕ್ಷರ ಕಲೀಬಾರದಾ?' ಇನ್ನೊಬ್ಬ ಅಂದ: 'ಬೆಳಿಗ್ಗೆ ಏಳಕ್ಕೆ ಹತ್ತಿ ರಾತ್ರಿ ಎಂಟಕ್ಕೆ ಇಳಿಯೋನು ಯಾವಾಗ ಕಲೀತಾನೆ? ನಿನಗೆ ಇಂಗ್ಲಿಷ್ ಬರ್ತಿತ್ತಾ, ಹನ್ನೆರಡು ವರ್ಷ ಸ್ಕೂಲಿಗೆ ಹೋಗಿ?' ಎರಡೂ ಮಾತು ನಿಜ. ಇವತ್ತಿನ ಈ ಭಾಷಣ ಆ ಜಗಳದಿಂದಲೇ ಹುಟ್ಟಿದ್ದು. ಅವತ್ತಿಂದ ಓದಿ, ಕೇಳಿ ತಿಳ್ಕೊಂಡಿದ್ದನ್ನ ನಿಮ್ಮ ಮುಂದೆ ಇಡ್ತೀವಿ.

ಮೊದಲು ಆಸ್ಟ್ರೇಲಿಯಾದ ಕಥೆ. 1901ರಲ್ಲಿ ಆ ದೇಶ ಒಂದು ಕಾಯ್ದೆ ಮಾಡಿತು. ಹಡಗಿನಿಂದ ಇಳಿಯೋ ಪರದೇಶದವನಿಗೆ ಅಧಿಕಾರಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದು. ಯಾವುದಾದರೂ ಒಂದು ಯೂರೋಪಿನ ಭಾಷೆಯಲ್ಲಿ. ತಪ್ಪಿಲ್ಲದೆ ಬರೆದರೆ ಒಳಗೆ, ಇಲ್ಲದಿದ್ದರೆ ವಾಪಸ್. ಯಾವ ಭಾಷೆ ಅನ್ನೋದನ್ನ ಆರಿಸೋನು ಅಧಿಕಾರಿ, ಬಂದವನಲ್ಲ. ಇಂಗ್ಲಿಷ್ ಬರೋ ಏಷ್ಯಾದವನು ಬಂದರೆ ಜರ್ಮನ್ನಿನಲ್ಲೋ ಇಟಾಲಿಯನ್ನಿನಲ್ಲೋ ಕೊಟ್ಟರಾಯ್ತು. 1902 ಮತ್ತು 1903ರಲ್ಲಿ 805 ಜನಕ್ಕೆ ಕೊಟ್ಟರು, 46 ಜನ ಪಾಸಾದರು. 1904ರಿಂದ 1909ರವರೆಗೆ 554 ಜನಕ್ಕೆ ಕೊಟ್ಟರು, ಆರೇ ಜನ ಪಾಸು. 1909ರ ನಂತರ ಒಬ್ಬನೂ ಪಾಸಾಗಲಿಲ್ಲ. ಪರೀಕ್ಷೆ ಮಾತ್ರ 1958ರವರೆಗೂ ಕಾಯ್ದೆಯಲ್ಲಿತ್ತು. ಬಿಳಿಯರಲ್ಲದವರು ಬರಬಾರದು ಅಂತ ಬಾಯಿಬಿಟ್ಟು ಬರೆಯೋಕೆ ಬ್ರಿಟನ್ ಸಾಮ್ರಾಜ್ಯಕ್ಕೆ ಮುಜುಗರ, ಅದಕ್ಕೆ ಭಾಷೆಯ ಹೆಸರಲ್ಲಿ ಬರೆದರು. ಈ ಉಪಾಯವನ್ನ ಅವರು ಕಲಿತದ್ದು ದಕ್ಷಿಣ ಆಫ್ರಿಕಾದ ನೇಟಾಲಿನಿಂದ. ಅಲ್ಲಿ 1897ರಲ್ಲಿ ಇಂಥದೇ ಕಾಯ್ದೆ ಬಂದಿತ್ತು. ಅದು ಯಾರನ್ನ ತಡೆಯೋಕೆ ಅಂದುಕೊಂಡ್ರಿ? ಭಾರತದಿಂದ ಹೋಗ್ತಿದ್ದ ಜನರನ್ನ.

ಇದರಲ್ಲಿ ಒಂದು ನಗೋ ಪ್ರಸಂಗ ಇದೆ. 1934ರಲ್ಲಿ ಎಗಾನ್ ಕಿಶ್ ಅಂತ ಒಬ್ಬ ಬರಹಗಾರ, ಪ್ರಾಗ್ ಊರಿನ ಯಹೂದಿ, ಹಿಟ್ಲರನ ವಿರುದ್ಧ ಭಾಷಣ ಮಾಡೋಕೆ ಆಸ್ಟ್ರೇಲಿಯಾಕ್ಕೆ ಬಂದ. ಇಳಿಯೋಕೆ ಬಿಡಲಿಲ್ಲ. ಹಡಗಿನಿಂದಲೇ ದಡಕ್ಕೆ ಹಾರಿ ಕಾಲು ಮುರ್ಕೊಂಡ. ಅವನಿಗೆ ಯೂರೋಪಿನ ಎಷ್ಟೋ ಭಾಷೆ ಬರ್ತಿದ್ವು. ಏನು ಕೊಟ್ಟರೂ ಬರೀತಾನೆ ಅಂತ, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟರು! ಕೊನೆಗೆ ಅಲ್ಲಿನ ಹೈಕೋರ್ಟು, ಈ ಕಾಯ್ದೆ ಹೇಳೋ ಅರ್ಥದಲ್ಲಿ ಗೇಲಿಕ್ ಯೂರೋಪಿನ ಭಾಷೆಯೇ ಅಲ್ಲ ಅಂತ ಹೇಳಿ ಅವನನ್ನ ಬಿಡಿಸಿತು.

ಗೆಳೆಯರೇ, ಈ ಪರೀಕ್ಷೆ ನಿಮಗೆ ಎಲ್ಲೋ ನೋಡಿದ ಹಾಗೆ ಅನ್ನಿಸ್ತಾ ಇಲ್ವಾ? ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಸಂಸ್ಕೃತ ಓದಬೇಕು ಅಂದರು. ಕೊಡಲಿಲ್ಲ. ಪರ್ಷಿಯನ್ ತಗೊಳ್ಳಬೇಕಾಯ್ತು. ಕಲೀತೀವಿ ಅಂದರೆ ಬಾಗಿಲು ಹಾಕ್ತಾರೆ, ಆಮೇಲೆ ಬಾಗಿಲ ಆಚೆ ನಿಂತೋರನ್ನೇ 'ನಿಮಗೆ ಬರೋದಿಲ್ಲವಲ್ಲ' ಅಂತ ಕೇಳ್ತಾರೆ. ಆಸ್ಟ್ರೇಲಿಯಾದ ಅಧಿಕಾರಿಗೆ ಜನಿವಾರ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಇದು ಹಳೇ ಕಾಲದ್ದು, ಈಗ ಹಂಗಿಲ್ಲ ಅನ್ನೋರು ಹಾಲೆಂಡಿನ ಕಡೆ ನೋಡಬೇಕು. 2006ರಲ್ಲಿ ಆ ದೇಶ, ಗಂಡನನ್ನೋ ಹೆಂಡತಿಯನ್ನೋ ಸೇರ್ಕೊಳ್ಳೋಕೆ ಬರೋರು ತಮ್ಮ ಊರಲ್ಲೇ ಡಚ್ ಭಾಷೆ ಪರೀಕ್ಷೆ ಪಾಸು ಮಾಡಿ ಬರಬೇಕು ಅಂತ ಕಾಯ್ದೆ ತಂದಿತು. ಆಗ ತುರ್ಕಿ, ಮೊರಾಕೋ ಜನಕ್ಕೆ ಇದು ಕಡ್ಡಾಯವಾಗಿತ್ತು. ಅಮೆರಿಕಾ, ಕೆನಡಾ, ಆಸ್ಟ್ರೇಲಿಯಾ, ಜಪಾನಿನೋರಿಗೆ ವಿನಾಯಿತಿ. ಅಮೆರಿಕಾದೋನು ಹುಟ್ಟಿದಾಗಲೇ ಡಚ್ ಕಲಿತಿರ್ತಾನೇನು? ಬೆಂಗಳೂರಲ್ಲೂ ನೋಡಿ. ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದು 'ಕನ್ನಡ ಗೊತ್ತಿಲ್ಲ' ಅನ್ನೋ ಎರಡೇ ಪದ ಕಲಿತ ಮ್ಯಾನೇಜರುಗಳು ಎಷ್ಟು ಜನ ಬೇಕು? ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಂತ ವಾಚ್‌ಮನ್ನಿಗೆ ಮಾತ್ರ, 'ಏಯ್, ಕನ್ನಡದಲ್ಲಿ ಮಾತಾಡೋ' ಅಂತ ಗದರಿಸೋ ಶೂರರು ಸಿಗ್ತಾರೆ. ಮ್ಯಾನೇಜರಿಗೆ ಗದರಿಸೋ ಶೂರರು ಕಮ್ಮಿ.

ಹಾಗಾದ್ರೆ ಭಾಷೆ ಕಲಿ ಅನ್ನೋದೇ ಮೋಸವಾ? ಬಂದೋರು ಅವರ ಪಾಡಿಗೆ ಇರಲಿ ಅನ್ನೋದು ಉದಾರತೆಯಾ? ಇಲ್ಲಿ ನಮ್ಮಲ್ಲಿ ಕೆಲವು ಪ್ರಗತಿಪರ ಗೆಳೆಯರು ಎಡವ್ತಾರೆ. ಜರ್ಮನಿಯ ಕಥೆ ಕೇಳಿ. 1961ರಲ್ಲಿ ಪಶ್ಚಿಮ ಜರ್ಮನಿ ತುರ್ಕಿಯ ಜೊತೆ ಒಪ್ಪಂದ ಮಾಡ್ಕೊಂಡು ಕಾರ್ಖಾನೆಗೆ, ಗಣಿಗೆ ಆಳುಗಳನ್ನ ಕರೆಸಿತು. ಅವರಿಗೆ ಇಟ್ಟ ಹೆಸರೇ 'ಅತಿಥಿ ಕಾರ್ಮಿಕರು'. ಅತಿಥಿ ಅಂದರೆ ಊಟ ಹಾಕಿಸ್ಕೊಳ್ಳೋನು ಅಂದ್ಕೋಬೇಡಿ, ಕೆಲಸ ಮುಗಿದ ಮೇಲೆ ಹೊರಡಬೇಕಾದೋನು ಅಂತ. ಕಂಪನಿಯ ವಸತಿಗಳಲ್ಲಿ ಒಂದೊಂದು ಕೋಣೆಗೆ ಹಲವರನ್ನ ಹಾಕಿದರು. ಭಾಷೆ ಕಲಿಸೋ ವ್ಯವಸ್ಥೆಯನ್ನ ಸರ್ಕಾರ ಮಾಡಲಿಲ್ಲ, ಹೋಗೋರಿಗೆ ಯಾಕೆ ಅಂತ. ಯಾರೂ ಅವರನ್ನ ಭಾಷೆ ಕಲಿ ಅಂತ ಪೀಡಿಸಲಿಲ್ಲ. ಬಹಳ ಉದಾರಿಗಳು! ಯಂತ್ರಕ್ಕೆ ಕೈ ಬೇಕಿತ್ತು, ನಾಲಿಗೆ ಬೇಕಿರಲಿಲ್ಲ. 1973ರಲ್ಲಿ ಆಳು ಕರೆಸೋದು ನಿಂತಿತು, ಬಂದೋರು ಮಾತ್ರ ಹೋಗಲಿಲ್ಲ. ಹೆಂಡತಿ ಮಕ್ಕಳು ಬಂದರು, ಮೊಮ್ಮಕ್ಕಳು ಹುಟ್ಟಿದರು. ಆಗ, 'ಇಷ್ಟು ವರ್ಷ ಇದ್ದೂ ಜರ್ಮನ್ ಕಲಿತಿಲ್ಲ ಇವರು' ಅನ್ನೋ ದೂರು ಶುರುವಾಯ್ತು. 2005ರಲ್ಲಿ ಹೊಸ ಕಾಯ್ದೆ ಬಂದು 600 ಗಂಟೆಯ ಭಾಷಾ ಪಾಠ ಏರ್ಪಾಡಾಯ್ತು. ಕಲಿಯೋದಕ್ಕೆ 600 ಗಂಟೆ ಬೇಕು ಅಂತ ಸರ್ಕಾರವೇ ಲೆಕ್ಕ ಹಾಕಿತು ನೋಡಿ. ಅದನ್ನ ಕೊಡೋಕೆ ನಲವತ್ತನಾಲ್ಕು ವರ್ಷ ಹಿಡೀತು. ಅಷ್ಟರಲ್ಲಿ ಮೊದಲು ಬಂದೋರು ನಿವೃತ್ತರಾಗಿದ್ದರು.

ಪರೀಕ್ಷೆ ಇಟ್ಟು ಹೊರಗೆ ಹಾಕೋದು ಒಂದು ದಾರಿ, ಏನೂ ಕಲಿಸದೆ ಒಳಗೇ ಕೂಡಿಹಾಕೋದು ಇನ್ನೊಂದು ದಾರಿ. ಎರಡನೇದು ಯಾರ ಹೊಟ್ಟೆ ತುಂಬಿಸ್ತದೆ ಅಂತ ತಿಳೀಬೇಕಾದ್ರೆ ಸಿಲೋನಿನ ಟೀ ತೋಟಕ್ಕೆ ಹೋಗಬೇಕು. ಅಲ್ಲಿ ಸಿಗೋರು ನಮ್ಮವರೇ.

ಹತ್ತೊಂಬತ್ತನೇ ಶತಮಾನದಲ್ಲಿ ಮೊದಲು ಕಾಫಿಗೆ, ಆಮೇಲೆ ಟೀಗೆ ಅಂತ ಬ್ರಿಟಿಷ್ ತೋಟದ ಮಾಲೀಕರು ತಮಿಳುನಾಡಿನ ಬರಗಾಲದ ಹಳ್ಳಿಗಳಿಂದ ಜನರನ್ನ ಸಿಲೋನಿನ ಬೆಟ್ಟಗಳಿಗೆ ಸಾಗಿಸಿದರು. ಪರೈಯರು, ಪಳ್ಳರು, ಚಕ್ಕಿಲಿಯರೇ ಅವರಲ್ಲಿ ಹೆಚ್ಚು. ಇವರನ್ನ ಕರ್ಕೊಂಡು ಹೋದೋನು ಕಂಗಾಣಿ. ಕಂಗಾಣಿ ಅಂದರೆ ನಮ್ಮ ಮೇಸ್ತ್ರಿ. ಬಹಳ ಕಡೆ ಅವನು ಮೇಲಿನ ಜಾತಿಯವನು. ಊರಲ್ಲಿ ಮುಂಗಡ ಕೊಡೋನೂ ಅವನೇ, ತೋಟದಲ್ಲಿ ಹಾಜರಿ ಹಾಕೋನೂ ಅವನೇ, ದೊರೆಯ ಮಾತನ್ನ ಇವರಿಗೆ, ಇವರ ಮಾತನ್ನ ದೊರೆಗೆ ದಾಟಿಸೋನೂ ಅವನೇ. ತಲೆಗೆ ಇಷ್ಟು ಅಂತ ದಿನಾ ಅವನಿಗೆ ಕಾಸು. ಕೂಲಿಯವನು ಬೇರೆ ತೋಟಕ್ಕೆ ಹೋಗಬೇಕಾದ್ರೆ ಸಾಲದ ಲೆಕ್ಕ ಬರೆದ ಒಂದು ಚೀಟಿ ಬೇಕಿತ್ತು. ಅದಕ್ಕೆ 'ತುಂಡು' ಅಂತ ಹೆಸರು. ಓದೋಕೆ ಬಾರದೋನ ಜೀವ ಓದೋಕೆ ಬರೋನ ಕೈಯಲ್ಲಿದ್ದ ಆ ತುಂಡು ಕಾಗದದಲ್ಲಿ. 1921ರಲ್ಲಿ ತುಂಡು ಪದ್ಧತಿಯನ್ನ ಕಾನೂನು ಮಾಡಿ ನಿಲ್ಲಿಸಿದರು. ನಮ್ಮ ಗೋಡೆಯ ಆಚೆ, ಮೊಬೈಲಿನ ಫೋಟೋದಲ್ಲಿ, ನಾವು ನೋಡಿದ್ದು ಇದೇ ತುಂಡನ್ನ ಅಲ್ವಾ?

ಈ ಜನ ನೂರು ವರ್ಷ ಸಿಂಹಳ ಹಳ್ಳಿಗಳ ನಡುವೆ ಬದುಕಿದರು. ಆದರೆ ತೋಟದ 'ಲೈನ್' ಮನೆಗಳ ಒಳಗೆ. ಸಿಂಹಳದೋರ ಸ್ಕೂಲು ಕೆಳಗೆ ಹಳ್ಳಿಯಲ್ಲಿ, ಇವರದು ತೋಟದೊಳಗಿನ ಹೆಸರಿಗೊಂದು ಸ್ಕೂಲು. ಮಗು ಎಲೆ ಕೀಳೋ ಎತ್ತರಕ್ಕೆ ಬಂದರೆ ಓದು ಮುಗೀತು. ಈಗ ಕೇಳಿ. 1948ರಲ್ಲಿ ಸಿಲೋನ್ ಸ್ವತಂತ್ರ ಆಯ್ತು. ಅದೇ ವರ್ಷ ಪೌರತ್ವ ಕಾಯ್ದೆ ಬಂತು. ಅಪ್ಪ ಇಲ್ಲೇ ಹುಟ್ಟಿದ್ದಕ್ಕೆ, ಇಲ್ಲಾ ಅಜ್ಜ ಮುತ್ತಜ್ಜ ಹುಟ್ಟಿದ್ದಕ್ಕೆ ದಾಖಲೆ ತನ್ನಿ ಅಂದರು. ಲೈನ್ ಮನೆಯಲ್ಲಿ ಹುಟ್ಟಿದೋರಿಗೆ ದಾಖಲೆ ಎಲ್ಲಿ? ತೋಟದ ತಮಿಳರು ಬಹುಪಾಲು ಯಾವ ದೇಶದವರೂ ಅಲ್ಲದೆ ಹೋದರು. ಮರುವರ್ಷ ಮತದ ಹಕ್ಕೂ ಹೋಯ್ತು. ಆಗ ಕೇಳಿದ್ದು ಭಾಷೆಯಲ್ಲ, ಕಾಗದ. ಭಾಷೆಯ ಸರದಿ 1956ರಲ್ಲಿ ಬಂತು, ಸಿಂಹಳವೊಂದೇ ಆಡಳಿತ ಭಾಷೆ ಅಂತ. 1964ರಲ್ಲಿ ಸಿರಿಮಾವೋ ಮತ್ತು ಲಾಲ್ ಬಹದ್ದೂರ್ ಶಾಸ್ತ್ರಿ ಕೂತು, 9,75,000 ಜನರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದೋರ ಮಾತು ಆಮೇಲೆ ಅಂತ ಒಪ್ಪಂದ ಮಾಡಿದರು. ಸಂತೆಯಲ್ಲಿ ಕುರಿ ಪಾಲು ಮಾಡ್ಕೊಂಡಂಗೆ. ಕುರಿಗಳನ್ನ ಯಾರೂ ಕೇಳಲಿಲ್ಲ.

ಹಾಗೆ ವಾಪಸ್ ಬಂದೋರಲ್ಲಿ ಒಂದಷ್ಟು ಜನ ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆ ಬಂದರು. ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಮರ ಕೆತ್ತಿ ಹಾಲು ಇಳಿಸೋ ಕೆಲಸ. ಅವರ ಮನೆಮಾತು ತಮಿಳು, ಹುಟ್ಟಿದ ನಾಡಿನ ಮಾತು ಸಿಂಹಳ, ಪೇಟೆಯ ಮಾತು ತುಳು, ಸರ್ಕಾರದ ಮಾತು ಕನ್ನಡ. ಅವರ ಮಕ್ಕಳು ಕನ್ನಡ ಸ್ಕೂಲಿಗೆ ಹೋದರು, ಕನ್ನಡ ಕಲಿತರು, ತುಳು ಮಾತಾಡಿದರು. ಇನ್ನೇನು ಬೇಕು? ಭಾಷೆ ಕಲೀಬೇಕು ಅನ್ನೋರು ಏನು ಕೇಳಿದರೋ ಅದನ್ನೆಲ್ಲಾ ಮಾಡಿದ ಜನ ಇವರು. ಆದರೆ ಪರಿಶಿಷ್ಟ ಜಾತಿ ಸರ್ಟಿಫಿಕೇಟು ಕೇಳೋಕೆ ಹೋದಾಗ ತಾಲ್ಲೂಕು ಕಚೇರಿಯಲ್ಲಿ ಇವರು ಹೊರಗಿನವರು. ತೋಟದ ಕಾಲೊನಿಗಳಿಂದ ಈ ದೂರು ಬಹಳ ವರ್ಷದಿಂದ ಕೇಳಿಬರ್ತಾನೇ ಇದೆ.

ಇದು ಒಬ್ಬ ಗುಮಾಸ್ತನ ಕೆಟ್ಟ ಬುದ್ಧಿ ಅಂದ್ಕೋಬೇಡಿ. ಕಾನೂನೇ ಹಂಗಿದೆ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವಲಸೆ ಹೋದೋನಿಗೆ ಹೊಸ ರಾಜ್ಯದ ಮೀಸಲಾತಿ ಸಿಗೋದಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿತು. ಜಾತಿಯ ಹೆಸರು ಎರಡೂ ಪಟ್ಟಿಯಲ್ಲಿ ಇದ್ದರೂ ಅಷ್ಟೇ ಅಂತ 1994ರಲ್ಲಿ ಹೇಳಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮತ್ತೆ ಅದನ್ನೇ ಎತ್ತಿ ಹಿಡೀತು. ಕೋರ್ಟಿಗೆ ಅದರದೇ ಕಾರಣ ಇದೆ. ಸ್ಥಳೀಯ ದಲಿತರ ಪಾಲು ಹೋಗಬಾರದು ಅನ್ನೋದು ಸುಳ್ಳು ಕಾರಣ ಅಲ್ಲ, ನಮ್ಮ ನಿಮ್ಮ ಸೀಟೂ ಅದರಲ್ಲಿದೆ. ಆದರೆ ಒಂದು ಮಾತನ್ನ ನೋಡಿ. ಜಾತಿ ಮಾತ್ರ ಗಡಿ ದಾಟಿ ಜೊತೆಗೆ ಬರ್ತದೆ, ಅದರ ಪರಿಹಾರ ಗಡಿಯಲ್ಲೇ ನಿಲ್ತದೆ. 'ಮೊದಲು ಭಾಷೆ ಕಲಿ, ಆಮೇಲೆ ನಮ್ಮೋನು' ಅಂತ ಹೇಳಿದ ನಾಡು, ಕಲಿತ ಮೇಲೆ ಮಾತು ಉಳಿಸ್ಕೊಂಡಿತಾ?

ಈಗ ನಿಮ್ಮಲ್ಲಿ ಏಳ್ತಾ ಇರೋ ಪ್ರಶ್ನೆಗೆ ಬರ್ತೀವಿ. 'ಅಣ್ಣಾ, ನಮ್ಮ ಹುಡುಗರಿಗೇ ಕೆಲಸ ಇಲ್ಲ. ಡಿಗ್ರಿ ಮುಗಿಸಿ ಮನೇಲಿ ಕೂತಿದಾರೆ. ಹೊರಗಿನೋರು ಬಂದು ಕಮ್ಮಿ ಕೂಲಿಗೆ ಕೆಲಸ ಹಿಡೀತಾರೆ. ಅವರ ಪರ ನಾವು ಮಾತಾಡಬೇಕಾ?' ಈ ಪ್ರಶ್ನೆ ಕೇಳೋದು ತಪ್ಪಲ್ಲ. ನಮ್ಮಪ್ಪಂದಿರೂ ಗಾರೆ ಕೆಲಸ ಮಾಡಿದೋರೇ. ಮಂಡ್ಯ ಕೋಲಾರದ ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಬಂದ ನಮ್ಮ ಜನರ ಜಾಗಕ್ಕೆ ಯಾರು ಬಂದರು, ಯಾಕೆ ಬಂದರು? ಕಂಟ್ರಾಕ್ಟರಿಗೆ ಒಡಿಶಾದವನ ಮೇಲೆ ಪ್ರೀತಿ ಅಂತಲಾ? ಅಲ್ಲ. ನಮ್ಮವನಿಗೆ ಭಾಷೆ ಬರ್ತದೆ. ಕೂಲಿ ಬಾಕಿ ಇಟ್ಟರೆ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾನೆ, ಸಂಘಕ್ಕೆ ಹೇಳ್ತಾನೆ, ಹಬ್ಬಕ್ಕೆ ಊರಿಗೆ ಹೋಗ್ತಾನೆ, ಕೋಪ ಬಂದರೆ ಕನ್ನಡದಲ್ಲೇ ಬೈತಾನೆ. ಭಾಷೆ ಬಾರದೋನು ಇದ್ಯಾವುದನ್ನೂ ಮಾಡೋದಿಲ್ಲ. ಅವನ ಮೌನಕ್ಕೇ ಕಂಟ್ರಾಕ್ಟರು ಅವನನ್ನ ಆರಿಸ್ಕೊಳ್ಳೋದು. ಆ ಮೌನದಲ್ಲಿ ಮೇಸ್ತ್ರಿಗೆ ಒಂದು ಪಾಲು, ಕಂಟ್ರಾಕ್ಟರಿಗೆ ಒಂದು ಪಾಲು, ಕಟ್ಟಿಸೋ ಧಣಿಗೆ ಒಂದು ಪಾಲು. ಹಾಗಿರೋವಾಗ ಅವನು ಕನ್ನಡ ಕಲಿತರೆ ನಷ್ಟ ಯಾರಿಗೆ? ನಮಗಲ್ಲ. ಅವನು ಬಾಯಿ ಬಿಟ್ಟ ದಿನ ಅವನ ಕೂಲಿ ನಮ್ಮ ಕೂಲಿಯ ಸಮಕ್ಕೆ ಏರ್ತದೆ, ನಮ್ಮವನನ್ನ ಬಿಟ್ಟು ಅವನನ್ನ ತರೋಕೆ ಕಾರಣ ಇರೋದಿಲ್ಲ.

ಆದ್ದರಿಂದ ನಾವು ಹೇಳ್ತೀವಿ: ಬಂದವರು ಭಾಷೆ ಕಲೀಬೇಕು. ಕಲಿಯೋದು ಬೇಡ ಅನ್ನೋ ಪಕ್ಷ ನಮ್ಮದಲ್ಲ. ಬಾಬಾಸಾಹೇಬರು ನಮ್ಮ ಜನರ ಜೊತೆ ಮರಾಠಿಯಲ್ಲಿ ಪತ್ರಿಕೆ ಮಾಡಿದರು, 1920ರಲ್ಲಿ ಮೂಕನಾಯಕ, 1927ರಲ್ಲಿ ಬಹಿಷ್ಕೃತ ಭಾರತ. ಬ್ರಿಟಿಷ್ ಸರ್ಕಾರದ ಜೊತೆ ಅವರದೇ ಇಂಗ್ಲಿಷಿನಲ್ಲಿ ವಾದ ಮಾಡಿದರು. ನಡುವೆ ದುಭಾಷಿಯನ್ನ ಇಟ್ಕೊಳ್ಳಲಿಲ್ಲ. ಆದರೆ 'ಕಲಿ' ಅನ್ನೋನು ಬಿಡುವು ಕೊಡಬೇಕು. ಕೆಲಸದ ಹೊತ್ತಿನೊಳಗೇ, ಕೂಲಿ ಹಿಡೀದೆ, ಒಂದು ಗಂಟೆ. ಖರ್ಚು ಆ ದುಡಿಮೆಯಿಂದ ಲಾಭ ತಗೊಳ್ಳೋನದ್ದು. ಇನ್ನೊಂದು: ಕಲಿತಿಲ್ಲ ಅಂತ ರೇಷನ್ನು, ಆಸ್ಪತ್ರೆ, ಕೂಲಿ, ಮಗುವಿನ ಸ್ಕೂಲು, ಯಾವುದನ್ನೂ ತಡೀಬಾರದು. ತಡೆದ ಕೂಡಲೇ ಅದು ಆಸ್ಟ್ರೇಲಿಯಾದ ಉಕ್ತಲೇಖನ ಆಗ್ತದೆ.

ಇದೇನು ಆಕಾಶದಿಂದ ಇಳಿದ ಬೇಡಿಕೆಯಲ್ಲ. 1979ರಲ್ಲಿ ನಮ್ಮ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಮಾಡಿದಾಗ, ಕಂಟ್ರಾಕ್ಟರು ಪ್ರತಿಯೊಬ್ಬ ಕೂಲಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ಕು ಕೊಡಬೇಕು, ಅದರಲ್ಲಿ ಕೂಲಿಯ ದರ, ಮುಂಗಡದ ಲೆಕ್ಕ ಬರೀಬೇಕು, ಹಿಂದಿ ಇಂಗ್ಲಿಷ್ ಜೊತೆಗೆ ಆ ಕೂಲಿಯವನ ಭಾಷೆಯಲ್ಲೂ ಬರೀಬೇಕು ಅಂತ ಹೇಳಿತ್ತು. ಕೂಲಿಯವನು ಧಣಿಯ ಭಾಷೆ ಕಲೀಬೇಕು ಅಂತಲ್ಲ, ಧಣಿಯ ಲೆಕ್ಕ ಕೂಲಿಯವನ ಭಾಷೆಗೆ ಬರಬೇಕು ಅಂತ! 2020ರಲ್ಲಿ ಆ ಕಾಯ್ದೆಯನ್ನ ಬೇರೆ ಸಂಹಿತೆಯೊಳಗೆ ಸೇರಿಸಿದರು. ನಲವತ್ತು ವರ್ಷ ಪುಸ್ತಕದಲ್ಲಿದ್ದ ಆ ಪಾಸ್‌ಬುಕ್ಕನ್ನ ನಮ್ಮ ಗೋಡೆಯ ಆಚೆಯ ಹನ್ನೊಂದು ಜನರಲ್ಲಿ ಒಬ್ಬನೂ ಕಣ್ಣಲ್ಲಿ ನೋಡಿರಲಿಲ್ಲ.

2024ರ ಜುಲೈನಲ್ಲಿ ನಮ್ಮ ರಾಜ್ಯದ ಸಂಪುಟ, ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು ಅನ್ನೋ ಮಸೂದೆ ಒಪ್ಪಿ, ಕಂಪನಿಗಳು ಗದ್ದಲ ಮಾಡಿದ ಕೂಡಲೇ ತಡೆಹಿಡಿಯಿತು. ಸ್ಥಳೀಯ ಅಂದರೆ ಇಲ್ಲಿ ಹುಟ್ಟಿರಬೇಕು, ಹದಿನೈದು ವರ್ಷ ವಾಸ ಇರಬೇಕು, ಕನ್ನಡ ಓದೋಕೆ ಬರೆಯೋಕೆ ಬರಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಇಲ್ಲದಿದ್ದರೆ ಪರೀಕ್ಷೆ ಪಾಸಾಗಬೇಕು ಅಂತ ಅದರಲ್ಲಿತ್ತು. ಸ್ಥಳೀಯರಿಗೆ ಕೆಲಸ ಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಆದರೆ ಆ ಪರೀಕ್ಷೆಗೆ ಕೂತು ನೋಡೋಣ: ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ತಲೆಮಾರುಗಟ್ಟಲೆ ಧೂಳು ಕುಡಿದು, 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದ ತಮಿಳು ದಲಿತನ ಮಗ, ತಮಿಳು ಮೀಡಿಯಮ್ಮಿನಲ್ಲಿ ಓದಿದೋನು, ಸ್ಥಳೀಯನೋ ಅಲ್ಲವೋ? ಬೆಂಗಳೂರಿನ ಕಸ ಗುಡಿಸೋ, ಮನೇಲಿ ತೆಲುಗು ಮಾತಾಡೋ ನಮ್ಮ ಮಾದಿಗ ತಾಯಂದಿರು? ಅವರಿಗೆ ನಾಕು ಭಾಷೆ ಬರ್ತದೆ, ಒಂದರಲ್ಲೂ ಅಕ್ಷರ ಬರೋದಿಲ್ಲ. ಯಾಕೆ ಬರೋದಿಲ್ಲ ಅಂತ ಯಾವ ಪರೀಕ್ಷೆಯೂ ಕೇಳೋದಿಲ್ಲ.

ಇನ್ನು ಕನ್ನಡ ಅಂದರೆ ಯಾವ ಕನ್ನಡ? ಮೊದಲ ವರ್ಷ ಕ್ಲಾಸಿನಲ್ಲಿ ಎದ್ದು ನಿಂತು 'ಆಲು', 'ಅಣ' ಅಂದಾಗ ಯಾರು ಯಾರು ನಕ್ಕರು ಅಂತ ನಿಮಗೆಲ್ಲಾ ನೆನಪಿದೆ. ನಮ್ಮ ಅವ್ವನ ಹೊಟ್ಟೆಯಿಂದ ಬಂದ ಕನ್ನಡ ಕನ್ನಡವೇ ಅಲ್ಲ ಅಂತ ತಿದ್ದಿಸ್ಕೊಂಡೋರು ನಾವು. ಒಡಿಶಾದ ಆ ಹುಡುಗ ಮೂರನೇ ವಾರದಲ್ಲಿ ನಮಗೆ, 'ಊಟ ಆಯ್ತೇನಲಾ' ಅಂದ. ಎಲ್ಲಿಂದ ಕಲಿತೆ ಅಂದರೆ, ಮರಳು ಲಾರಿಯ ಡ್ರೈವರಿಂದ ಅಂತೆ. ಅವನು ಕಲಿಯೋದು ನಮ್ಮ ಕೇರಿಯ ಕನ್ನಡವನ್ನೇ. ಆಕಾಶವಾಣಿಯ ಕನ್ನಡವನ್ನಲ್ಲ.

ಅವನ ಕಥೆ ಏನಾಯ್ತು ಅಂತ ಕೇಳ್ತೀರಿ. ಫೋಟೋ ಓದಿದ ಮರುದಿನ ನಾವು ಎಂಟು ಜನ ಹೋಗಿ ಮೇಸ್ತ್ರಿಯನ್ನ ಹಿಡ್ಕೊಂಡ್ವಿ. ಅವನು ಮೊದಲು ಹೆದರಿಸಿದ, ಆಮೇಲೆ 'ಓದೋ ಹುಡುಗರು ನಿಮಗ್ಯಾಕೆ ಸಾರ್' ಅಂದ. ಕಾರ್ಮಿಕ ಇಲಾಖೆಗೆ ಅರ್ಜಿ ಬರೀತೀವಿ ಅಂದ ಮೇಲೆ ಒಂದು ತಿಂಗಳ ಕೂಲಿ ಬಂತು. ಇನ್ನೊಂದು ತಿಂಗಳದ್ದು ಬರಲಿಲ್ಲ. ಅವತ್ತಿಂದ ರಾತ್ರಿ ಎಂಟೂವರೆಗೆ ನಮ್ಮ ಊಟದ ಹಾಲಿನಲ್ಲಿ ಪಾಠ ಶುರು ಮಾಡಿದ್ವಿ. ವಾರ್ಡನ್ನಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರು. ಮೊದಲ ದಿನ ಅ ಆ ಬರೆಸೋಕೆ ಹೋಗಿ ನಾವೇ ಸೋತ್ವಿ. ದಣಿದು ಬಂದೋರು ಕೂತಲ್ಲೇ ನಿದ್ದೆ ಹೋದರು. ಎರಡನೇ ದಿನ ಅ ಆ ಬಿಟ್ಟು, ಅಂಕಿಯಿಂದ ಹಿಡಿದ್ವಿ. ಕೂಲಿ ಎಷ್ಟು, ಎಷ್ಟು ದಿನ, ಮುಂಗಡ ಎಷ್ಟು, ಬಾಕಿ ಎಷ್ಟು. 'ಬಾಕಿ' ಅನ್ನೋ ಪದ ಅವರಿಗೆ ಮೊದಲೇ ಗೊತ್ತಿತ್ತು, ಅದನ್ನ ಕನ್ನಡದಲ್ಲಿ ಹೆಂಗೆ ಬರೀತಾರೆ ಅಂತ ಗೊತ್ತಿರಲಿಲ್ಲ. ಆ ಎರಡು ಅಕ್ಷರವನ್ನ ಹನ್ನೊಂದು ಜನವೂ ಒಂದೇ ರಾತ್ರಿ ಕಲಿತರು. ಏಳು ವಾರ ನಡೀತು. ಎಂಟನೇ ವಾರ ಶೆಡ್ಡು ಖಾಲಿ. ಇಡೀ ತಂಡವನ್ನ ರಾತ್ರೋರಾತ್ರಿ ಬೇರೆ ಸೈಟಿಗೆ ಸಾಗಿಸಿದ್ದರು. ಆ ಹುಡುಗನ ಫೋನು ಸ್ವಲ್ಪ ದಿನ ಹೋಗ್ತಿತ್ತು. ಒಂದು ಸಲ ಅವನೇ ಒಂದು ಫೋಟೋ ಕಳಿಸಿದ. ಹೊಸ ಸೈಟಿನ ಕಾಗದ. ಅದರ ಮೇಲೆ ಅವನ ಕೈಬರಹದಲ್ಲಿ, ವಕ್ರವಾಗಿ, 'ಬಾಕಿ 19 ದಿನ' ಅಂತ ಬರೆದು, ಅದರ ಕೆಳಗೆ ರುಜು ಹಾಕಿದ್ದ.

ಈಗ ಗೋಡೆಯ ಆಚೆ ಹೊಸ ತಂಡ ಬಂದಿದೆ. ಇವರು ಬಂಗಾಳದ ಮಾಲ್ದಾ ಕಡೆಯೋರು, ಹೆಂಗಸರೂ ಇದಾರೆ, ಐದಾರು ಮಕ್ಕಳೂ. ಮಕ್ಕಳನ್ನ ಹತ್ತಿರದ ಸರ್ಕಾರಿ ಸ್ಕೂಲಿಗೆ ಸೇರಿಸೋ ಕೆಲಸ ಮೊದಲು ಆಗಬೇಕು, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದಾರೆ ಅಂತ ಕೇಳಿದೀವಿ. ಸೋಮವಾರ ಹೋಗ್ತೀವಿ. ಹೆಂಗಸರ ಜೊತೆ ಕೂತು ಪಾಠ ಹೇಳೋಕೆ ಪಕ್ಕದ ಹುಡುಗಿಯರ ಹಾಸ್ಟೆಲ್ಲಿಂದ ಇಬ್ಬರಾದ್ರೂ ತಂಗಿಯರು ಬೇಕು. ಬಂಗಾಳಿ ಬರೋರು ಯಾರಾದ್ರೂ ಇದ್ದರೆ ಇನ್ನೂ ಒಳ್ಳೇದು. ಈ ಪತ್ರಿಕೆ ಮಾರೋಕೆ ಬಾಗಿಲ ಹತ್ರ ನಿಂತಿರೋ ಗೆಳೆಯರ ಕೈಲಿ ಒಂದು ನೋಟ್‌ಬುಕ್ಕಿದೆ. ಊಟಕ್ಕೆ ಹೋಗೋ ಮುಂಚೆ ಅದರಲ್ಲಿ ಹೆಸರು ಬರೆಸಿ. ಹಳೇ ಸ್ಲೇಟು, ಅರ್ಧ ಖಾಲಿ ಇರೋ ನೋಟ್‌ಬುಕ್ಕು ಇದ್ದರೆ ಅದನ್ನೂ ತನ್ನಿ.